ಪತ್ತೇದಾರಿಣಿಗೊಂದು ತಾಯಿಮನೆ

ಆ ದಿನವೂ ನಾನು ಎದ್ದವಳು ಮೊದಲು ಬಚ್ಚಲಿನ ಒಲೆಗೆ ಒಣಗಿದ ತೆಂಗಿನ ಕೊತ್ತಳಿಗೆ ತುರುಕಿ ಬೆಂಕಿ ಹಿಡಿಸಿದೆ. ಹಂಡೆಯ ನೀರು ಕಾಯುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಕುದಿಯಬೇಕು. ಗಂಜಿ ಕುದಿಯುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆಗೆ ಗೆರಟೆಯ ಕೆಂಡ ತುಂಬಿ ಇವರ ಕರಿಕೋಟಿನ ಕಾಲರು ತೀಡಬೇಕು. ಮಾಮಿ, ಎಂದರೆ ನನ್ನ ಅತ್ತೆ, ಆಗಲೇ ಎದ್ದು ಜಗಲಿಯಲ್ಲಿ ಕುಳಿತು ಸಣ್ಣ ಕಲ್ಲಿನಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಆ ಟಕಟಕ ನಿಂತಿತೆಂದರೆ ಅವರು ಯಾರ ಮಾತನ್ನೋ ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದು ಅರ್ಥ.

ನಾನು ಅಂದು ಹೊಸ ರವಿಕೆ ತೊಟ್ಟಿದ್ದೆ. ಕೈತೋಳಿನ ಅಂಚಿಗೆ ನಾನೇ ಹೆಣೆದ ಲೇಸು. ಮಂಗಳೂರಿನ ಕಾನ್ವೆಂಟಿನಲ್ಲಿ ಮದರುಗಳು ಕಲಿಸಿದ ಕೆಲಸ ಅದು. ಹೆಣಿಗೆಯ ಒಂದು ಕಣ್ಣು ತಪ್ಪಿದರೂ ಇಡೀ ಸಾಲು ಬಿಚ್ಚಿಸುತ್ತಿದ್ದರು. ಇವರು ಗಂಜಿಗೆ ಕುಳಿತರು. ನಾನು ಉಪ್ಪಿನಕಾಯಿ ಬಡಿಸುವಾಗ ತೋಳು ಅವರ ಕಣ್ಣೆದುರಿಗೇ ಹೋಗಿ ಬಂತು. ಅವರು ತಟ್ಟೆಯಿಂದ ಮುಖ ಎತ್ತದೆ ಕೇಳಿದರು:

"ಎಂತ ಮಾಡಿದಳು ಅವಳು?"

'ಅವಳು' ಎಂದರೆ ನನ್ನ ಪತ್ತೇದಾರಿಣಿ. ಅವಳಿಗೊಂದು ಹೆಸರೂ ಇತ್ತು, ವಾರಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತಿತ್ತು. ನಮ್ಮ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬರೀ ಅವಳು.

ಯುದ್ಧ ಮುಗಿದು ಕಾಗದ ಇನ್ನೂ ದುರ್ಲಭವಾಗಿದ್ದ ದಿನಗಳು. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಇವರು ಇಲ್ಲಿಯ ಕೋರ್ಟಿನಲ್ಲಿ ವಕೀಲರು. ನಮಗೆ ಮಕ್ಕಳಾಗಿರಲಿಲ್ಲ. ಮಧ್ಯಾಹ್ನದ ಹೊತ್ತು ಉದ್ದವಾಗಿತ್ತು. ಒಂದು ದಿನ ನಾನು ಪತ್ತೇದಾರಿ ಕಥೆಯೊಂದನ್ನು ಬರೆದು, 'ಒಬ್ಬ ಗೃಹಿಣಿ' ಎಂದು ಕೆಳಗೆ ಹಾಕಿ ಮಂಗಳೂರಿಗೆ ಕಳಿಸಿದೆ. ಅದು ಅಚ್ಚಾಯಿತು. ಇನ್ನೊಂದು ಕೇಳಿದರು. ಮತ್ತೆ ಅದು ನಿಲ್ಲಲೇ ಇಲ್ಲ.

ಅವಳು ಹೇಗಿದ್ದಳು ಎಂದು ಹೇಳಬೇಕು. ಕಳ್ಳನ ಬೆನ್ನು ಹತ್ತಿ ಹೋಗಿ ತಪ್ಪು ಮನೆಗೆ ನುಗ್ಗುವಳು. ಅಲ್ಲಿ ಮದುವೆಯೂಟ ನಡೆದಿದ್ದರೆ ಕುಳಿತು ಉಂಡೇ ಬಿಡುವಳು. ಪುರಾವೆಗಳನ್ನು ಬುತ್ತಿಯ ಡಬ್ಬದಲ್ಲಿ ಉಪ್ಪಿನಕಾಯಿಯ ಜೊತೆ ಇಡುವಳು. ಬೇರೆಯವರ ಕೊಡೆ ಹಿಡಿದು ಹೊರಟು, ಕೊಡೆ ಕಳುವಾದ ದೂರನ್ನು ಮಾರನೆಯ ದಿನ ತಾನೇ ವಿಚಾರಣೆ ಮಾಡುವಳು. ತುಳುವಿನವರೊಡನೆ ತುಳು, ಕೊಂಕಣಿಯವರೊಡನೆ ಕೊಂಕಣಿ, ಮೊಗ್ರಾಲಿನ ದೋಣಿಯವರೊಡನೆ ಮಲೆಯಾಳ, ಎಲ್ಲವನ್ನೂ ಅರ್ಧಂಬರ್ಧ, ಎಲ್ಲವನ್ನೂ ಗಟ್ಟಿಯಾಗಿ. ಅವಳು ಅಪರಾಧಿಯನ್ನು ಹಿಡಿಯುವ ಉಪಾಯ ಒಂದೇ. ನಡೆದದ್ದನ್ನೆಲ್ಲ ಅವನೆದುರಿಗೇ ತಪ್ಪುತಪ್ಪಾಗಿ ವಿವರಿಸುವಳು. ಕೇಳಿ ಕೇಳಿ ಸಹಿಸಲಾರದೆ ಕಳ್ಳನೇ "ಹಾಗಲ್ಲ ಮಾರಾಯ್ತಿ, ಹೀಗೆ" ಎಂದು ತಿದ್ದಿಬಿಡುವನು. ನಮ್ಮೂರಿನವರು ಜೈಲಿಗಾದರೂ ಹೋದಾರು, ತಪ್ಪು ಹೇಳಿದವರನ್ನು ತಿದ್ದದೆ ಇರಲಾರರು.

ಇಂತಹ ಕಥೆ ಬರೆಯುವುದು ಹಿಂದಿನಿಂದ ಮುಂದಕ್ಕೆ. ಯಾರು ಕದ್ದರು, ಎಲ್ಲಿಟ್ಟರು ಎಂಬುದು ನನಗೆ ಮೊದಲೇ ಗೊತ್ತಿರಬೇಕು. ಆಮೇಲೆ ಸಣ್ಣ ಸಣ್ಣ ಗುರುತುಗಳನ್ನು ದಾರಿಯುದ್ದಕ್ಕೂ ಬಿಡುತ್ತ ಬರಬೇಕು. ದನದ ಹಗ್ಗಕ್ಕೆ ಎಡಗೈಯವರು ಹಾಕಿದ ಗಂಟು. ಒಂದೇ ಪಕ್ಕ ಮಸಿ ಹಿಡಿದ ಲಾಟೀನಿನ ಗಾಜು. ಒಗೆದು ಹಾಕಿದ ಸೀರೆಯ ನೆರಿಗೆಯೊಳಗೆ ಉಳಿದ ಉಪ್ಪುನೀರಿನ ಮರಳು. ಇವೆಲ್ಲ ನನ್ನ ಕಣ್ಣು ಕಂಡದ್ದು. ನೀರು ಸೇದುವಾಗ, ಅಕ್ಕಿ ಆರಿಸುವಾಗ, ಬಾಗಿಲ ಸಂದಿಯಲ್ಲಿ ನಿಂತು ಬಂದವರ ಮಾತು ಕೇಳುವಾಗ. ಕಥೆಯಲ್ಲಿ ಮಾತ್ರ ಅವಳು ಅದರ ಮೇಲೆ ಎಡವಿ ಬಿದ್ದು ಕಂಡುಹಿಡಿಯುವಳು. ಕಣ್ಣು ನನ್ನದು, ನಗು ಅವಳಿಗೆ.

ಇವರು ನಗುವವರಲ್ಲ. ಮದುವೆಯಾದ ಮೇಲೆ ನಾನು ಇವರ ಹಲ್ಲು ನೋಡಿದ್ದೇ ಅವಳು ಹುಟ್ಟಿದ ನಂತರ. ಮೊದಲ ಕಥೆ ಓದುವಾಗ ಒಳಗಿನಿಂದ ಎಂತದೋ ಸದ್ದು ಬಂತು. ಬೆಕ್ಕು ಪಾತ್ರೆ ಉರುಳಿಸಿತೆಂದು ನಾನು ಓಡಿದೆ. ಇವರು ನಗುತ್ತಿದ್ದರು! ಸಂತೋಷದಿಂದ ನನ್ನ ಕಣ್ಣು ತುಂಬಿತು. ಆ ಸಂತೋಷ ಹೆಚ್ಚು ಕಾಲ ನಿಲ್ಲಲಿಲ್ಲ. ಸಂಜೆ ಕೋರ್ಟಿನಿಂದ ಬಂದವರು ಮೆಟ್ಟು ಕಳಚುವ ಮೊದಲೇ ಅವಳ ಸುದ್ದಿ ಕೇಳತೊಡಗಿದರು. ನನಗೆ ಜ್ವರ ಬಂದಾಗಲೂ "ಅವಳಿಗೆ ಈ ವಾರ ರಜೆಯಾ?" ಎಂದರು. ಒಮ್ಮೆ ಕಿಸೆಯಿಂದ ಹೇರ್‌ಪಿನ್ನುಗಳ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. ಅದೇ ಮೊದಲು ಅವರು ನನಗೆ ಅಂಥದ್ದೊಂದು ತಂದದ್ದು. "ಅಂಗಡಿಯಲ್ಲಿ ಕಂಡಿತು. ಅವಳು ಯಾವಾಗಲೂ ಪಿನ್ನು ಕಳೆದುಕೊಳ್ತಾಳಲ್ಲ, ಹಾಗೆ ನೆನಪಾಯಿತು." ನಾನು ಆ ಪಿನ್ನುಗಳನ್ನು ಮುಡಿಗೆ ಸಿಕ್ಕಿಸಿಕೊಂಡೆ. ಚುಚ್ಚುತ್ತಿದ್ದವು.

ಹೀಗೆ, ಆ ಬೆಳಿಗ್ಗೆ ಗಂಜಿಯ ಮುಂದೆ ಇವರು ಅವಳನ್ನು ಕೇಳಿದಾಗ, ಹಲವು ದಿನಗಳಿಂದ ಮನಸ್ಸಿನಲ್ಲಿ ಕಟ್ಟಿಟ್ಟದ್ದನ್ನು ಹೇಳಿಯೇಬಿಟ್ಟೆ.

"ಅವಳಿಗೆ ಮದುವೆ ಮಾಡ್ತೇನೆ. ಈ ಕಥೆಯಲ್ಲೇ. ಮದುವೆಯಾಗಿ ಹೋಗಲಿ, ಮತ್ತೆ ಬರೆಯುವುದಿಲ್ಲ."

ಇವರ ಕೈಯ ತುತ್ತು ತಟ್ಟೆಗೇ ಇಳಿಯಿತು. "ಮದುವೆಯಾ? ಯಾರಿಗೆ ಕೊಡುವುದು ಅವಳನ್ನು?"

"ಇನ್ಸ್‌ಪೆಕ್ಟರ್ ಇದ್ದಾನಲ್ಲ ಕಥೆಯಲ್ಲಿ."

"ಛೆ! ಅವನು ಮರದ ಕೊರಡು."

"ಬೊಂಬಾಯಿಯಲ್ಲಿ ಹೋಟೆಲಿಟ್ಟ ಒಬ್ಬನನ್ನು ತರ್ತೇನೆ."

"ಬೊಂಬಾಯಿಯಾ? ಅಷ್ಟು ದೂರ? ಅಲ್ಲಿ ಅವಳು ಟ್ರಾಮಿಗೆ ಸಿಕ್ಕಿ ಸಾಯ್ತಾಳೆ."

"ಹಾಗಾದರೆ ಒಬ್ಬ ಮೇಷ್ಟ್ರು."

"ಮೇಷ್ಟ್ರು ಅವಳನ್ನು ತಿದ್ದಿ ತಿದ್ದಿ ಹಾಳು ಮಾಡ್ತಾನೆ," ಎಂದು ಇವರು ಗಂಜಿ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ನನ್ನ ಜಾತಕ ಕೂಡಿಸುವಾಗ ಇವರು ಇಷ್ಟು ಪ್ರಶ್ನೆ ಕೇಳಿದ್ದರೆಂದು ನನಗೆ ತೋರುವುದಿಲ್ಲ.

ಜಗಲಿಯ ಟಕಟಕ ನಿಂತಿತು. ಮಾಮಿ ಅಲ್ಲಿಂದಲೇ ಕೇಳಿದರು: "ಮದುವೆ ಅಂತೀರಲ್ಲ, ಅವಳ ಬರಿ ಯಾವುದು?"

ನಮ್ಮ ತುಳು ಕುಟುಂಬಗಳಲ್ಲಿ ಬರಿ ಎಂದರೆ ತಾಯಿಯಿಂದ ಬರುವ ವಂಶದ ಹೆಸರು, ಗೋತ್ರವಿದ್ದ ಹಾಗೆ. ಒಂದೇ ಬರಿಯ ಗಂಡು ಹೆಣ್ಣು ಎಲ್ಲೆಲ್ಲಿ ಹುಟ್ಟಿದ್ದರೂ ಅಣ್ಣ ತಂಗಿಯರು; ಅವರೊಳಗೆ ಮದುವೆಯ ಮಾತೇ ಇಲ್ಲ. ಹೆಣ್ಣು ಕೇಳಲು ಹೋದವರು ರೂಪ ಕೇಳುವ ಮೊದಲು ಬರಿ ಕೇಳುತ್ತಾರೆ. ನಾನು ಅವಳಿಗೆ ಬರಿ ಕೊಟ್ಟಿರಲಿಲ್ಲ. ಜಾತಿಯನ್ನೂ ಕೊಟ್ಟಿರಲಿಲ್ಲ. ಎಲ್ಲರ ಮನೆಯೊಳಗೂ ನುಗ್ಗಬೇಕಾದವಳು, ಯಾವ ಮನೆಯವಳೂ ಆಗಿರದಿದ್ದರೆ ಅನುಕೂಲ ಎಂದು ಬೇಕೆಂದೇ ಬಿಟ್ಟದ್ದು.

"ಅದು ಕೋರ್ಟಿನಲ್ಲೂ ತೀರ್ಮಾನ ಆಗಿಲ್ಲ," ಎಂದು ಇವರು ಕೋಟು ತೊಡುತ್ತ ನಕ್ಕರು. "ಒಂದು ಕಥೆಯಲ್ಲಿ ದಾಳಿತೊವೆ ಮಾಡಿದಳಲ್ಲ, ಅವಳು ನಮ್ಮವಳೇ ಅಂತ ಕೊಂಕಣಿ ವಕೀಲರು. ಭೂತದ ಹತ್ತಿರವೇ ವಾದಕ್ಕೆ ನಿಂತವಳು, ನಮ್ಮವಳಲ್ಲದೆ ಮತ್ಯಾರು ಅಂತ ನಮ್ಮವರು. ಪೇಶ್ಕಾರರು ಮಲೆಯಾಳದವಳು, ನೀಲೇಶ್ವರದ ಕಡೆಯವಳು ಅಂತ ಆಣೆ ಹಾಕ್ತಾರೆ."

"ನಿಮ್ಮ ಕೋರ್ಟಿನಲ್ಲಿ ಕೆಲಸ ಎಂತ ಇಲ್ವಾ?" ಎಂದರು ಮಾಮಿ. "ಬರಿ ಗೊತ್ತಿಲ್ಲದ ಹೆಣ್ಣಿಗೆ ಎಲ್ಲಿಯ ಗಂಡು? ಮೊದಲು ತಾಯಿಮನೆ ನೋಡು, ಆಮೇಲೆ ಗಂಡನ ಮನೆ."

ಇವರು ಗೇಟಿನವರೆಗೆ ಹೋದವರು ತಿರುಗಿ ಬಂದರು. ಕೊಡೆ ಮರೆತರೆಂದು ನಾನು ಕೊಡೆ ಹಿಡಿದು ನಿಂತೆ. "ಆ ಇನ್ಸ್‌ಪೆಕ್ಟರಿಗೆ ಮಾತ್ರ ಕೊಡಬೇಡ," ಎಂದು ಹೇಳಿ ಹೊರಟುಹೋದರು. ಕೊಡೆ ನನ್ನ ಕೈಯಲ್ಲೇ ಉಳಿಯಿತು.

ಬೆಳಗಿನ ಕೆಲಸ ಮುಗಿಸಿ ನಾನು ತೆಂಕಣ ಕೋಣೆಗೆ ಹೋಗಿ ಕುಳಿತೆ. ಆ ಕೋಣೆಯನ್ನು ಮಾಮಿ ನನಗೆ ಬರೆಯಲು ಬಿಟ್ಟಿದ್ದರು. ಅಂದಿನ ಕಥೆ ಕೋಳಿ ಅಂಕದಲ್ಲಿ ಕಾದುವ ಹುಂಜವೊಂದು ಕಳುವಾದದ್ದು. ಅವಳು ಅದನ್ನು ಹುಡುಕುತ್ತ ಕೋಳಿಗೂಡಿನೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡು, ಕೊನೆಗೆ ಹುಂಜವನ್ನು ಎತ್ತಿ ಹಿಡಿದು ಹತ್ತು ಜನರೆದುರು "ಈ ಹೇಂಟೆಯೇ ಸಾಕ್ಷಿ" ಎಂದು ಸಾರುತ್ತಾಳೆ. ಅಂಕಕ್ಕೆ ಕೋಳಿ ಕಟ್ಟುವುದರಲ್ಲಿ ಹೆಸರಾದ ಕಳ್ಳನಿಗೆ ಅದು ಸಹಿಸೀತೆ? "ಹೇಂಟೆಯಾ! ಅದರ ಕಾಲಿಗೆ ನಿನ್ನೆ ಅಂಕದ ಬಾಳುಕತ್ತಿ ಕಟ್ಟಿದ್ದು ಈ ಕೈ!" ಅಲ್ಲಿಗೆ ಮುಗಿಯಿತು. ಇನ್ನು ಮದುವೆಯೊಂದು ಬಾಕಿ.

ವರನನ್ನು ಮಾಡಲು ಕುಳಿತೆ. ಕೊರಡು ಬೇಡ, ದೂರದವನು ಬೇಡ, ತಿದ್ದುವವನು ಬೇಡ. ಕಡಿಮೆ ಮಾತಿನವನು ಎಂದು ಬರೆದೆ. ಕೋಟಿನ ಎರಡನೆಯ ಗುಂಡಿ ಯಾವಾಗಲೂ ಸಡಿಲ. ಹಣ್ಣು ತಿನ್ನುವಾಗ ಬೀಜಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುವ ಅಭ್ಯಾಸ. ನಗುವಾಗ ಸದ್ದು ಒಳಗಿನಿಂದ, ಪಾತ್ರೆ ಉರುಳಿದ ಹಾಗೆ... ಬರೆದದ್ದನ್ನು ಓದಿದೆ. ಒಳ್ಳೆಯ ಗಂಡಸು ಎಂದರೆ ನನಗೆ ಬೇರೆ ಯಾರೂ ಗೊತ್ತಿರಲಿಲ್ಲ. ನನ್ನ ಗಂಡನನ್ನೇ ಅಲಂಕಾರ ಮಾಡಿ ಅವಳ ಪಕ್ಕದಲ್ಲಿ ಕೂರಿಸುತ್ತಿದ್ದೆ.

ಆ ಹಾಳೆಯನ್ನು ಹರಿದು ಬಚ್ಚಲಿನ ಒಲೆಗೆ ಹಾಕಿದೆ. ಒಲೆಯ ಮುಂದೆ ನಿಂತಿದ್ದಾಗಲೇ ಮಾಮಿಯ ಪ್ರಶ್ನೆ ನೆನಪಾಯಿತು, ಅದರ ಬೆನ್ನಿಗೇ ಉತ್ತರವೂ. ಅವಳಿಗೆ ಇವರ ಬರಿಯನ್ನೇ ಕೊಟ್ಟರೆ? ಆಗ ಅವಳು ಇವರಿಗೆ ತಂಗಿ. ಒಂದೇ ಸಾಲಿನಲ್ಲಿ ಎಲ್ಲ ಇತ್ಯರ್ಥ! ಇವರು ಎಷ್ಟು ಬೇಕಾದರೂ ನಗಲಿ, ಪಿನ್ನು ತರಲಿ. ತಂಗಿಗೆ ತಂದರೆ ಯಾರಿಗೆ ಎಂತ? ಮದುವೆಯೂ ಬೇಡ, ಕೊಲ್ಲುವುದೂ ಬೇಡ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಓಡಿ ಬಂದು ಬರೆದೆ. ಹುಂಜದ ಯಜಮಾನ, ಮುದುಕ, ಕೇಳುತ್ತಾನೆ: "ಮಗೂ, ನೀನು ಯಾವ ಬರಿಯವಳು?" ತಲೆತುಂಬ ಪುಕ್ಕ ಸಿಕ್ಕಿಸಿಕೊಂಡ ಅವಳು ಸೀನುತ್ತ ಸೀನುತ್ತ ಹೇಳುತ್ತಾಳೆ. ಇವರ ಬರಿ.

ಮಧ್ಯಾಹ್ನ ಊಟಕ್ಕೆ ಬಂದ ಇವರು ಎಂದಿನಂತೆ ಕಥೆಯನ್ನು ಮಾಮಿಗೆ ಓದಿ ಹೇಳಿದರು. ಮಾಮಿಗೆ ಅಕ್ಷರ ಬಾರದು. ಓದಿ ಮುಗಿಸಿ, ಕೋರ್ಟಿಗೆ ಮರಳುವ ದಾರಿಯಲ್ಲಿ ಟಪಾಲಿಗೆ ಹಾಕುವುದು ವಾಡಿಕೆ. ನಾನು ಬಾಗಿಲಿಗೆ ಒರಗಿ ನಿಂತು ಇವರ ಮುಖವನ್ನೇ ನೋಡುತ್ತಿದ್ದೆ. ಕೋಳಿಗೂಡಿನ ಭಾಗಕ್ಕೆ ನಕ್ಕರು. ಹೇಂಟೆಯ ಮಾತಿಗೆ ಹಾಳೆ ಕೆಳಗಿಟ್ಟು ಕಣ್ಣೊರಸಿಕೊಂಡರು. ಆಮೇಲೆ ಆ ಸಾಲು ಬಂತು.

ಓದುವುದನ್ನು ನಿಲ್ಲಿಸಿದರು. ಇನ್ನೊಮ್ಮೆ, ಮೆಲ್ಲಗೆ ಓದಿದರು.

ಪೆಚ್ಚಾಗುತ್ತಾರೆಂದು ನಾನು ಕಾದಿದ್ದೆ. ಆಗಲಿಲ್ಲ. ಮದುವೆ ಚಪ್ಪರದಲ್ಲಿ ಯಾರೋ ದೂರದ ನೆಂಟರು ಬಂದು ನಾನು ಇಂಥವರ ಮಗ ಎಂದಾಗ ಮುಖ ಅರಳುತ್ತದಲ್ಲ, ಹಾಗೆ ಅರಳಿತು.

"ಅಮ್ಮಾ, ಕೇಳಿತಾ? ನಮ್ಮವಳಂತೆ."

ಮಾಮಿ ಹತ್ತಿರಕ್ಕೆ ಸರಿದು ಕುಳಿತು, "ಇನ್ನೊಮ್ಮೆ ಓದು," ಎಂದರು. ಇವರು ಓದಿದರು. "ಹಾಗಾದರೆ ನನ್ನ ಮಗಳು," ಎಂದರು ಮಾಮಿ. "ನಾಚಿಕೆ ಇಲ್ಲದವಳು. ಊರಿಡೀ ತಿರುಗಿದಳು, ಇಷ್ಟು ದಿನ ಹೇಳಲಿಲ್ಲ ನೋಡು!"

ಹೇಳುತ್ತ ನಕ್ಕರು, ನಗುತ್ತ ಸೆರಗಿನಿಂದ ಮೂಗು ಒರಸಿಕೊಂಡರು. ಆಗ ನನಗೆ ಅರ್ಥವಾಯಿತು, ನಾನು ಎಂತ ಮಾಡಿಕೊಂಡೆ ಎಂದು.

ನಮ್ಮದು ಅಳಿಯಕಟ್ಟು. ಮನೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ಮಗ ಇರುವಷ್ಟು ಕಾಲ ನೋಡಿಕೊಳ್ಳುತ್ತಾನೆ. ಮಗನ ಹೆಂಡತಿ ಬಂದವಳು, ಅವಳ ಹಕ್ಕು ಅವಳ ತಾಯಿಮನೆಯಲ್ಲಿ. ನನ್ನದು ಪೈವಳಿಕೆಯ ಹತ್ತಿರ ಇತ್ತು, ಇಲ್ಲಿ ಅಲ್ಲ. ಮಾಮಿ ಹೆತ್ತದ್ದು ಬರೀ ಗಂಡು. ಹೆಣ್ಣಿಲ್ಲದ ಆ ಮನೆ ಅವರ ನಂತರ ಅವರ ತಂಗಿಯ ಹೆಣ್ಣುಮಕ್ಕಳಿಗೆ ಸೇರುವುದಿತ್ತು. ಆ ಹೆಣ್ಣುಮಕ್ಕಳು ಬಂದಾಗಲೆಲ್ಲ ಕಾಫಿ ಕುಡಿಯುತ್ತ ತಲೆಯೆತ್ತಿ ಮಾಡಿನ ಮರದ ಪಕ್ಕಾಸುಗಳನ್ನು ಎಣಿಸುವ ಹಾಗೆ ನೋಡುವರು. ಮಾಮಿ ಅವರನ್ನು ನೋಡುವರು. ಅಂಥ ಮನೆಗೆ ನಾನು ನನ್ನ ಕೈಯಾರೆ ಒಬ್ಬ ಮಗಳನ್ನು ಬರೆದುಕೊಟ್ಟಿದ್ದೆ. ದಾರಿಯಲ್ಲಿ ಹೋಗುವವಳನ್ನು ದಾರಿಯಲ್ಲೇ ಬಿಡದೆ, ಮನೆಯ ಯಜಮಾನಿಕೆಗೇ ಕರೆದು ಕೂರಿಸಿದ್ದೆ.

"ಇನ್ನು ಅವಳನ್ನು ಹೀಗೆ ಕೋಳಿಗೂಡಿಗೆಲ್ಲ ತಳ್ಳಬೇಡ," ಎಂದರು ಇವರು ನನಗೆ. ಸ್ವರ ಮೆದುವಾಗಿತ್ತು. "ಏಟಾದರೆ? ನಮ್ಮ ಹುಡುಗಿ ಅಲ್ವಾ."

ಒಲೆಯ ಕೆಂಡ ತಾಗಿ ನನ್ನ ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದು ವಾರವಾಗಿತ್ತು. ಆ ಕೈಯನ್ನೇ ಚಾಚಿದೆ. "ಕೊಡಿ. ಅದರಲ್ಲಿ ಒಂದು ಸಾಲು ತಿದ್ದಲಿಕ್ಕುಂಟು."

"ಎಂತದು ತಿದ್ದುವುದು?" ಎಂದರು ಮಾಮಿ. "ಎಲ್ಲ ಸರಿ ಉಂಟು. ಇಷ್ಟು ದಿನ ಸರಿ ಇರಲಿಲ್ಲ, ಈಗ ಸರಿ ಆಯ್ತು." ಹಾಳೆಗಳನ್ನು ತಾವೇ ಒಟ್ಟುಮಾಡಿ, ತಲೆಕೆಳಗಾಗಿ ಮಡಚಿ, ಮಗನ ಕೈಗೆ ಕೊಟ್ಟರು. "ಹೋಗು. ಟಪಾಲಿನ ಗಾಡಿ ತಪ್ಪೀತು."

ಇವರು ಹೊರಟರು. ನಾನು ಗೇಟಿನವರೆಗೆ ಹೋದೆ. ಕರಿಕೋಟು ತಿರುವಿನಲ್ಲಿ ಇನ್ನೂ ಕಾಣುತ್ತಿತ್ತು. ಒಂದು ಕೂಗು ಹಾಕಿದ್ದರೆ ನಿಲ್ಲುತ್ತಿದ್ದರು. ಅವಳಾಗಿದ್ದರೆ ಒದ್ದೆ ಕೈಯಲ್ಲೇ ಬೊಬ್ಬೆ ಹೊಡೆಯುತ್ತ ಓಡಿ, ಯಾವನೋ ಬೇರೆ ವಕೀಲನ ಕೋಟು ಹಿಡಿದೆಳೆದು, ಊರು ಕೂಡಿಸಿ, ಹೇಗೋ ಆ ಕಾಗದ ಕಿತ್ತುಕೊಂಡು ಬರುತ್ತಿದ್ದಳು. ರಸ್ತೆಯಲ್ಲಿ ಹೆಣ್ಣುಮಕ್ಕಳು ಸ್ವರ ಎತ್ತಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಗೇಟಿನ ಅಗುಳಿ ಹಾಕಿ ಒಳಗೆ ಬಂದೆ. ಮಂಗಳೂರಿನ ಗಾಡಿ ಕೂಗಿ ಹೋದದ್ದು ಬಾವಿಕಟ್ಟೆಯಲ್ಲಿ ಕೇಳಿಸಿತು.

ಮಧ್ಯಾಹ್ನ ಮಾಮಿ ಮಲಗಲಿಲ್ಲ. ತೆಂಕಣ ಕೋಣೆಯಲ್ಲಿ ಸದ್ದಾಗುತ್ತಿತ್ತು. ಇಣುಕಿದರೆ, ಕಿಟಕಿಯ ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದರು. ನನ್ನ ಮಸಿ ಕುಪ್ಪಿಯನ್ನು ಎತ್ತಿ ಗೋಡೆಯ ಬದಿಗೆ ಸರಿಸಿದರು. "ಇದು ಮೊದಲಿನಿಂದ ಮಗಳ ಕೋಣೆ ಅಂತ ಇದ್ದದ್ದು, ನನ್ನ ಅಮ್ಮನ ಕಾಲದಲ್ಲಿ," ಎಂದರು. ನನ್ನ ಮುಖ ನೋಡಿ ನಕ್ಕರು. "ಹೆದರಬೇಡ ಮಾರಾಯ್ತಿ, ಕಾಗದದ ಹೆಣ್ಣು ಬಂದು ಮಲಗ್ತಾಳಾ?" ಆದರೂ ಗುಡಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಬೇಲಿಯ ಬದಿಯಿಂದ ಕೆಸುವಿನ ಎಲೆ ಕೊಯ್ದು ತಂದರು. "ಅಕ್ಕಿ ನೆನೆಹಾಕು. ನಾಳೆ ಪತ್ರೊಡೆ ಮಾಡುವ. ಅವಳಿಗೆ ಇಷ್ಟ ಅಲ್ವಾ?"

ಪತ್ರೊಡೆ ಇಷ್ಟ ನನಗೆ. ಬರೆಯುವಾಗ ಅವಳ ಬಾಯಿಗೆ ಹಾಕಿದ್ದೆ. ನಿನಗೆ ಎಂತ ಇಷ್ಟ ಎಂದು ಆ ಮನೆಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಕೆಟ್ಟವರಾಗಿ ಅಲ್ಲ, ಕೇಳುವ ರೂಢಿ ಇರಲಿಲ್ಲ ಅಷ್ಟೆ. ಅಕ್ಕಿ ನೆನೆಹಾಕಿದೆ. ನೀರಿನ ಮೇಲೆ ತೇಲಿದ ಹೊಟ್ಟನ್ನು ಒಂದೊಂದಾಗಿ ಹೆಕ್ಕುತ್ತ ಕುಳಿತೆ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಕೊಂಕಣಿ ಬಾಯಿ ಕರಿಬೇವಿಗೆ ಬಂದರು. ಅವರ ಗಂಡನದ್ದು ಪೇಟೆಯಲ್ಲಿ ಜೀನಸು ಅಂಗಡಿ. ಪತ್ರಿಕೆ ಅಂಗಡಿಗೆ ಬಂದ ದಿನವೇ ನನ್ನ ಕಥೆ ಓದುವವರು; ಅವಳು ಕೊಂಕಣಿಯವಳೆಂದು ಅವರಿಗೂ ನಂಬಿಕೆ. ಮಾಮಿ ಜಗಲಿಯಿಂದಲೇ ಸಾರಿದರು:

"ಕೇಳಿದಿರಾ ಬಾಯಿ, ನನಗೊಬ್ಬಳು ಮಗಳು ಸಿಕ್ಕಿದಳು."

"ಹೌದಾ? ಎಲ್ಲಿಂದ?"

"ಇವಳೇ ತಂದುಕೊಟ್ಟದ್ದು. ಆ ಪತ್ತೇದಾರಿ ಹೆಣ್ಣು. ನಮ್ಮ ಬರಿಯವಳಂತೆ, ಇವತ್ತು ಗೊತ್ತಾಯ್ತು. ಇವನಿಗೆ ತಂಗಿ."

ಕೋರ್ಟಿನಿಂದ ಬಂದು ಆರಾಮ ಕುರ್ಚಿಯಲ್ಲಿ ಒರಗಿದ್ದ ಇವರು, ಪತ್ರಿಕೆಯ ಮರೆಯಲ್ಲೇ ಮುಗುಳ್ನಕ್ಕರು.

ಬಾಯಿ ನನ್ನ ಜೊತೆ ಹಿತ್ತಿಲಿಗೆ ಬಂದರು. ನಾನು ಕರಿಬೇವಿನ ಗೆಲ್ಲು ಬಗ್ಗಿಸಿ ಹಿಡಿದೆ, ಅವರು ಚಿವುಟಿ ಚಿವುಟಿ ಸೆರಗಿಗೆ ಹಾಕಿಕೊಂಡರು. ಮಾಮಿ ಹೇಳಿದ್ದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

"ತಂಗಿ ಅಂದರೆ ನಿಮಗೆ ನಾದಿನಿ ಆಯ್ತಲ್ಲ ಅಕ್ಕ," ಎಂದರು. "ನಮ್ಮಲ್ಲಾದರೆ ತೊಂದರೆ ಇಲ್ಲ, ನಾದಿನಿಯನ್ನು ಮದುವೆ ಮಾಡಿ ಕಳಿಸಿದರೆ ಮುಗೀತು. ನಿಮ್ಮಲ್ಲಿ ಕಳಿಸಿದರೂ ಮನೆ ಅವಳದ್ದೇ ಅಲ್ವಾ? ...ಸಾಕು ಸಾಕು, ಗೆಲ್ಲು ಬಿಡಿ, ಒಂದು ಒಗ್ಗರಣೆಗೆ ಎಷ್ಟು ಬೇಕು."